ಮೀಟಿಂಗ್ ಎಲ್ಲಿದೆ, ಊರವರು ನೋಡಿದರೆ?

ಪ್ರಶ್ನೆ: ನಮ್ಮ ಯಜಮಾನರು ಕಾಫಿ ತೋಟದಲ್ಲಿ ರೈಟರ್. ವಯಸ್ಸು 44. ಎರಡು ವರ್ಷದ ಹಿಂದೆ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಏಳು ತಿಂಗಳು ಮುಟ್ಟಿರಲಿಲ್ಲ. ಹುತ್ತರಿ ಹಬ್ಬದ ದಿನ ನೆಂಟರ ಮನೆಯಲ್ಲಿ ಮತ್ತೆ ಶುರುವಾಯಿತು. ಈಗ ಬೆಳಿಗ್ಗೆ ಎದ್ದರೆ ಕೈ ನಡುಗಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯಲು ಆಗುವುದಿಲ್ಲ. ಒಂದು ಕ್ವಾರ್ಟರ್ ಒಳಗೆ ಹೋದ ಮೇಲೆಯೇ ನಡುಕ ನಿಲ್ಲುವುದು. ಕುಡಿತ ಬಿಟ್ಟವರ ಮೀಟಿಂಗ್ ಇರುತ್ತದಂತೆ, ಅದು ಎಲ್ಲಿ, ಸೇರುವುದು ಹೇಗೆ? "ತೋಟದವರು ಯಾರಾದರೂ ನೋಡಿದರೆ ನನ್ನ ಮರ್ಯಾದೆ ಏನಾಗಬೇಕು" ಎನ್ನುತ್ತಾರೆ.
— ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ತಂಗಿ, ಮೀಟಿಂಗ್ ಮಾತು ಆಮೇಲೆ. ಮೊದಲು ಆ ಕೈ ನಡುಕ. ದಿನವೂ ಹೀಗೆ ಕುಡಿಯುವವರನ್ನು ಹಟ ಮಾಡಿ ಮನೆಯಲ್ಲಿ ಕೂರಿಸಿ ಒಮ್ಮೆಲೇ ಬಿಡಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿ ಕಲಸಿಹೋಗಬಹುದು. ಜೀವಕ್ಕೂ ಅಪಾಯ. ನಾನು ಹಾಗೆ ಸುಮ್ನೆ ಬಿಟ್ಟು ಮಲಗಿದವನು. ಮೂರನೆಯ ರಾತ್ರಿ ಗೋಡೆ ತುಂಬ ಜಿಗಣೆ ಹರಿಯುತ್ತಿದ್ದವು. ಬೇಸಿಗೆ ಅದು, ಒಂದು ಜಿಗಣೆಯೂ ಇರಲಿಲ್ಲ. ಮನೆಯವಳು ಜೀಪು ಮಾಡಿಸಿ ಆಸ್ಪತ್ರೆಗೆ ಹಾಕಿದಳು. ಅದಕ್ಕೇ ಹೇಳುವುದು, ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗದ ಡಾಕ್ಟರಿಗೆ ತೋರಿಸಿ. ಎಷ್ಟು ಕುಡಿಯುತ್ತಾರೆ ಎಂದು ಕೇಳಿದರೆ ಅರ್ಧ ಮಾಡಿ ಹೇಳಬೇಡಿ. ನಾವೆಲ್ಲ ಅರ್ಧವೇ ಹೇಳುವುದು.

ಇನ್ನು ಮೀಟಿಂಗ್. ನೀವು ಕೇಳಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್ ಇರಬೇಕು, ನಾವು ಎ.ಎ. ಎನ್ನುತ್ತೇವೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಶುರುವಾದದ್ದು. ಒಬ್ಬ ಷೇರು ವ್ಯವಹಾರದವನು, ಒಬ್ಬ ಡಾಕ್ಟರು, ಇಬ್ಬರೂ ಮಹಾ ಕುಡುಕರು. ಉಪದೇಶಕ್ಕೆ ಬಗ್ಗದವನು ಇನ್ನೊಬ್ಬ ಕುಡುಕನ ಎದುರು ಕೂತು ತನ್ನ ಕತೆ ಹೇಳಿಕೊಂಡರೆ ಆ ದಿನ ಕುಡಿಯದೆ ಉಳಿಯುತ್ತಾನೆ ಎಂದು ಅವರಿಗೆ ಗೊತ್ತಾಯಿತು. ಇವತ್ತಿಗೂ ಕೆಲಸ ಅಷ್ಟೇ. ಅರ್ಜಿ ಇಲ್ಲ, ಫೀಸು ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಕೊನೆಗೆ ಒಂದು ಡಬ್ಬ ಸುತ್ತು ಬರುತ್ತದೆ, ಟೀ ಖರ್ಚಿಗೆ, ಬಾಡಿಗೆಗೆ. ಇದ್ದರೆ ಹಾಕಿ, ಇಲ್ಲದಿದ್ದರೆ ದಾಟಿಸಿ.

ಹುಡುಕಲು ಎ.ಎ. ಇಂಡಿಯಾ ವೆಬ್‌ಸೈಟಿನಲ್ಲಿ ಊರುವಾರು ಪಟ್ಟಿ ಇದೆ. ಹೊರಡುವ ಹಿಂದಿನ ದಿನ ಅಲ್ಲಿರುವ ನಂಬರಿಗೆ ಫೋನ್ ಮಾಡಿ, ಜಾಗ, ವಾರ ಬದಲಾಗುತ್ತಿರುತ್ತದೆ. ಅಲ್ಲೇ ಕೇಳಿ, ಓಪನ್ ಮೀಟಿಂಗಾ, ಕ್ಲೋಸ್ಡಾ? ಓಪನ್ ಆದರೆ ನೀವೂ ಕೂರಬಹುದು. ಕ್ಲೋಸ್ಡ್‌ಗೆ ಕುಡಿತದ ತೊಂದರೆ ಇರುವವರು ಮಾತ್ರ. ಡಾಕ್ಟರನ್ನೂ ಕೇಳಿ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡೂ ಪುಕ್ಕಟೆ. ಶಿಬಿರಕ್ಕೆ ಹೋದವರಲ್ವಾ, ಅಲ್ಲಿಯೂ ವಿಚಾರಿಸಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶಿಬಿರಗಳಲ್ಲಿ ಕುಡಿತ ಬಿಟ್ಟವರಿಗಾಗಿ ನವಜೀವನ ಸಮಿತಿಗಳಿವೆ. ಆ ಏಳು ತಿಂಗಳು ಇವರು ಯಾರ ಜೊತೆ ಕೂತು ಮಾತಾಡುತ್ತಿದ್ದರು? ಯಾರ ಜೊತೆಯೂ ಇಲ್ಲ ಅಂತ ನನ್ನ ಅನುಮಾನ. ನಮ್ಮ ಕೊಡಗಿನಲ್ಲಿ ಮದುವೆಗೆ, ಕೈಲ್‌ಪೊಳ್ದ್ ಹಬ್ಬಕ್ಕೆ, ಹುತ್ತರಿಗೆ ಗ್ಲಾಸು ಕೈಗೆ ಬರುತ್ತದೆ, ಬೇಡ ಅಂದರೆ "ನಮ್ಮ ಮನೆಯದು ಆಗುವುದಿಲ್ವಾ?" ಅಂತಾರೆ. ಒಬ್ಬರೇ ಎಷ್ಟು ದಿನ ತಡೆದುಕೊಳ್ಳುತ್ತಾರೆ?

ಮರ್ಯಾದೆ ವಿಷಯ. ಅದೇ ಭಯಕ್ಕೆ ನಾನೂ ಹತ್ತಿರದ್ದು ಯಾವುದೂ ಬೇಡ ಅಂತ ಗೋಣಿಕೊಪ್ಪದಲ್ಲಿ ಬಸ್ ಹತ್ತಿ, ತಿತಿಮತಿ, ಆನೆಚೌಕೂರು, ಹುಣಸೂರು ದಾಟಿ ಮೈಸೂರಿಗೆ ಹೋದೆ. ಬಾಗಿಲ ಪಕ್ಕದ ಕುರ್ಚಿ ಹಿಡಿದೆ, ಓಡಲು ಸುಲಭ ಎಂದು. ತಲೆ ಎತ್ತಿದರೆ ಎದುರು ನಮ್ಮ ಪಕ್ಕದ ತೋಟದವರು! ಬೇಲಿ ವಿಷಯಕ್ಕೆ ನನ್ನ ಮೇಲೆ ಕೇಸು ಹಾಕಿದವರು. ಅವರು ಟೀ ಲೋಟ ತಂದು ನನ್ನ ಕೈಗಿಟ್ಟು ಹೋಗಿ ಕೂತರು. ಹನ್ನೊಂದು ವರ್ಷ ಆಯಿತು. ಬೇಲಿ ಕೇಸು ಇನ್ನೂ ನಡೆಯುತ್ತಿದೆ, ಕೋರ್ಟಿನಲ್ಲಿ ಅವರು ನನ್ನನ್ನು ಏನೇನೋ ಅಂದಿದ್ದಾರೆ. ಆ ಕೋಣೆಯ ಮಾತು ಮಾತ್ರ ಒಂದೂ ಹೊರಗೆ ಬಂದಿಲ್ಲ. ಪತ್ರಿಕೆಯಲ್ಲಿ ಹೆಸರು ಹಾಕಿಕೊಳ್ಳಬಾರದೆಂಬ ಪದ್ಧತಿಯೂ ನಮ್ಮಲ್ಲಿದೆ. ಈ ಉತ್ತರದ ಕೆಳಗೆ ನನ್ನ ಹೆಸರಿಲ್ಲದಿರುವುದು ಅದಕ್ಕೇ. ಇನ್ನು ತೋಟದವರು ಅಂದಿರಲ್ಲ, ಬೆಳಿಗ್ಗೆ ನಿಮ್ಮ ಯಜಮಾನರ ಕೈ ನಡುಗುವುದು ಕೂಲಿಯವರ ಲೈನ್‌ಮನೆಯ ಮಕ್ಕಳಿಗೂ ಗೊತ್ತಿರುತ್ತದೆ.

ಅವರು ಬರಲು ಒಪ್ಪದಿದ್ದರೆ ನೀವೊಬ್ಬರೇ ಶುರು ಮಾಡಿ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಕೂಟ 1951ರಿಂದ ಇದೆ. ಗಂಡನ ಬಾಟಲಿ ಹುಡುಕುವುದು, ಮೇಸ್ತ್ರಿಗೆ "ಜ್ವರ" ಅಂತ ಫೋನ್ ಮಾಡುವುದು, ಇವನ್ನು ಬಿಡುವುದು ಹೇಗೆಂದು ನನ್ನ ಹೆಂಡತಿ ಅಲ್ಲಿ ಕಲಿತಳು. ನನಗೆ ಆಗ ಬಹಳ ಸಿಟ್ಟು ಬಂದಿತ್ತು.

ಮೊದಲ ದಿನ ಮಾತಾಡಲೇಬೇಕೆಂದಿಲ್ಲ, ಸುಮ್ಮನೆ ಕೂತು ಬಂದರೂ ಆಯಿತು. ಜೊತೆಯಲ್ಲಿ ನೀವೂ ಹೋಗಿ. ನಾನು ಹೋದಾಗ ಬಸ್ ಸ್ಟ್ಯಾಂಡಿನಿಂದ ಆ ಹಾಲ್‌ಗೆ ನಡೆಯುವ ದಾರಿಯಲ್ಲಿ ಮೂರು ವೈನ್ ಶಾಪ್ ಇದ್ದವು. ಎಣಿಸಿದ್ದೆ. ನೀವು ಆಟೊ ಹಿಡಿಯಿರಿ.