ಪ್ಲಾಸ್ಟಿಕ್‌ಗೆ ಪುಡಿ ಬೆರೆಸಿದರೆ ಗಟ್ಟಿಯಾಗುತ್ತಾ, ಇಲ್ಲಾ ಬೇಗ ಮುರಿಯುತ್ತಾ?

ಹೊಸ ಪ್ಲಾಸ್ಟಿಕ್ ಕುರ್ಚಿ ಹಳೆಯದರಷ್ಟು ಬಾಗುವುದಿಲ್ಲ, ಎತ್ತಿದರೆ ಭಾರ, ಆದರೂ ಮೆಟ್ಟಿಲಿಂದ ಬಿದ್ದಾಗ ಕುರ್ಚಿಯ ಕಾಲು ಚಟ್ ಅಂತ ಮುರಿಯಿತು ಎಂದಿದ್ದೀರಿ. ಅಂಗಡಿಯವರು ‘ಕ್ಯಾಲ್ಸಿಯಂ ಪೌಡರ್ ಹಾಕಿರ್ತಾರೆ, ಅದಕ್ಕೇ ಗಟ್ಟಿ’ ಅಂದರಂತೆ. ಅವರು ಹೇಳಿದ್ದೂ ನಿಜ, ಕಾಲು ಮುರಿದದ್ದೂ ಸಹಜ.

ಬಾಗದೆ ನಿಲ್ಲುವುದು ಬೇರೆ, ಏಟು ತಾಳುವುದು ಬೇರೆ. ಪುಡಿ ಮೊದಲನೆಯದನ್ನು ಖಂಡಿತ ಹೆಚ್ಚಿಸುತ್ತದೆ. ಎರಡನೆಯದನ್ನು ಸಾಮಾನ್ಯವಾಗಿ ಇಳಿಸುತ್ತದೆ. ನಾನು ಪ್ಲಾಸ್ಟಿಕ್ ಕಾಂಪೌಂಡಿಂಗ್, ಅಂದರೆ ಪ್ಲಾಸ್ಟಿಕ್‌ಗೆ ಬೇರೆ ವಸ್ತು ಬೆರೆಸುವ ಕೆಲಸದವನು, ನಮಗೆ ದಿನಾ ಇದೇ ಜಗ್ಗಾಟ.

ಇಂಥ ಕುರ್ಚಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್, ಅಂದರೆ ಪಿಪಿ. ಅದರ ಮಾಡ್ಯುಲಸ್, ಅಂದರೆ ಬಾಗದೆ ನಿಲ್ಲುವ ಪೆಡಸುತನದ ಅಳತೆ, ಸುಮಾರು 1.5 ಗಿಗಾಪಾಸ್ಕಲ್. ಅಂಗಡಿಯವರು ಹೇಳಿದ ಕ್ಯಾಲ್ಸಿಯಂ ಪೌಡರ್ ಅಂದರೆ ಸುಣ್ಣಕಲ್ಲಿನ ಪುಡಿ, ಅದು ಪಿಪಿಗಿಂತ ಹತ್ತಾರು ಪಟ್ಟು ಪೆಡಸು. ಕಲ್ಲಿನ ಕಣ ಹಿಗ್ಗುವುದಿಲ್ಲ, ಹಾಗಾಗಿ ಪಕ್ಕದ ಪ್ಲಾಸ್ಟಿಕ್ಕನ್ನೂ ಸುಲಭವಾಗಿ ಹಿಗ್ಗಲು ಬಿಡುವುದಿಲ್ಲ. ಕಣದ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಪದರ ಪದರವಾಗಿರುವ ಟಾಲ್ಕ್ ಎಂಬ ಖನಿಜದ ಪುಡಿ ಶೇ. 40 ಹಾಕಿದರೆ ಪಿಪಿ 3 ಗಿಗಾಪಾಸ್ಕಲ್ ದಾಟುತ್ತದೆ. ಉರುಟು ಕಣಗಳಿಂದ ಅಷ್ಟು ಸಿಗುವುದಿಲ್ಲ.

ಏಟು ಬಿದ್ದಾಗಿನ ಕಥೆಯೇ ಬೇರೆ. ಬರೀ ಪಿಪಿ ಎಳೆದುಕೊಂಡು, ಹಿಗ್ಗಿಕೊಂಡು ಏಟಿನ ಶಕ್ತಿಯನ್ನು ನುಂಗುತ್ತದೆ. ಪುಡಿ ಇದ್ದರೆ ಕಣದ ಮೈಯಿಂದ ಪ್ಲಾಸ್ಟಿಕ್ ಬಿಟ್ಟುಕೊಂಡು ಅಲ್ಲೊಂದು ಸಣ್ಣ ಪೊಳ್ಳು ಹುಟ್ಟುತ್ತದೆ. ಕುರ್ಚಿಯ ಮೂಲೆ ಬಗ್ಗಿಸಿದಾಗ ಬಿಳಿ ಗೆರೆ ಮೂಡುತ್ತದಲ್ವಾ, ಅದಕ್ಕೆ ಹೆಚ್ಚಾಗಿ ಈ ಪೊಳ್ಳುಗಳೇ ಕಾರಣ. ಕಣಗಳು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನಲ್ಲಿದ್ದು, ಸಮನಾಗಿ ಹರಡಿದ್ದರೆ ಈ ಪೊಳ್ಳುಗಳಿಂದ ತೊಂದರೆ ಕಡಿಮೆ. ನಡುವಿನ ಪ್ಲಾಸ್ಟಿಕ್ ಎಳೆ ಎಳೆಯಾಗಿ ಹಿಗ್ಗಲು ಜಾಗ ಸಿಗುತ್ತದೆ. ಕೆಲವೊಮ್ಮೆ ಏಟು ತಾಳುವ ಗುಣ ಇಳಿಯುವ ಬದಲು ಏರುವುದೂ ಉಂಟು! ಆದರೆ ಪುಡಿ ದಪ್ಪಗಿದ್ದರೆ, ಇಲ್ಲವೇ ಗಂಟು ಕಟ್ಟಿದ್ದರೆ, ಪೊಳ್ಳೇ ಬಿರುಕಿನ ಬಾಯಿ. ಒಂದೇ ಒಂದು ದೊಡ್ಡ ಗಂಟು ಸಾಕು, ಕಾಲು ಅಲ್ಲಿಂದಲೇ ಸೀಳುತ್ತದೆ.

ಗಂಟು ಕಟ್ಟದಿರಲಿ ಅಂತಲೇ ಒಳ್ಳೆಯ ಪುಡಿಗೆ ಸ್ಟಿಯರಿಕ್ ಆಸಿಡ್ ಎಂಬ ಕೊಬ್ಬಿನಾಮ್ಲದ ಲೇಪ ಕೊಡುತ್ತಾರೆ. ತಮಾಷೆ ಏನೆಂದರೆ, ಈ ಲೇಪದಿಂದ ಕಣ ಪ್ಲಾಸ್ಟಿಕ್ಕಿಗೆ ಅಂಟುವುದು ಕಡಿಮೆಯಾಗುತ್ತದೆ. ಇಲ್ಲಿ ಅದೇ ಒಳ್ಳೆಯದು, ಕಣ ಬೇಗ ಬಿಟ್ಟುಕೊಡುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಹಿಗ್ಗಬಹುದು. ಪುಡಿಯ ಬದಲು ಗಾಜಿನ ನಾರು ಹಾಕುವುದಾದರೆ ಉಲ್ಟಾ, ಬಿಗಿಯಾಗಿ ಅಂಟಲೇಬೇಕು.

ಏಟು ತಾಳುವುದೇ ಮುಖ್ಯವಾದರೆ ಕಲ್ಲಿನ ಬದಲು ರಬ್ಬರ್ ಕಣ ಹಾಕುತ್ತಾರೆ. ಪಾಲಿಸ್ಟೈರೀನ್ ಸುಮ್ನೆ ಬಗ್ಗಿಸಿದರೂ ಮುರಿಯುವ ಜಾತಿ. ಅದರೊಳಗೆ ರಬ್ಬರ್ ಸೇರಿಸಿದ್ದನ್ನೇ ಫ್ರಿಜ್ಜಿನ ಒಳಮೈಗೆ ಬಳಸುತ್ತಾರೆ. ಅದಕ್ಕೆ ತೆರಬೇಕಾದ ಬೆಲೆ ಏನು ಗೊತ್ತಾ? ಪೆಡಸುತನ ಇಳಿಯುತ್ತದೆ. ಅದಕ್ಕೇ ಕಾರಿನ ಬಂಪರ್‌ಗೆ ಪಿಪಿ ಜೊತೆ ರಬ್ಬರ್ರೂ ಬೇಕು, ಟಾಲ್ಕೂ ಬೇಕು. ನ್ಯಾನೋ, ಅಂದರೆ ಮೈಕ್ರಾನಿಗಿಂತಲೂ ತೀರಾ ಸಣ್ಣ ಕಣ ಹಾಕಿದರೆ ಪೆಡಸುತನ, ಏಟು ತಾಳುವ ಗುಣ ಎರಡೂ ಸಿಗುತ್ತದೆ ಅನ್ನುವವರಿದ್ದಾರೆ. 1980ರ ದಶಕದ ಕೊನೆಗೆ ಟೊಯೋಟಾ ಸಂಶೋಧಕರು ನೈಲಾನ್‌ಗೆ ಶೇ. 5ಕ್ಕಿಂತ ಕಡಿಮೆ ಜೇಡಿಮಣ್ಣಿನ ಪದರ ಬೆರೆಸಿ ಪೆಡಸುತನವನ್ನು ಹತ್ತಿರ ಹತ್ತಿರ ಎರಡು ಪಟ್ಟು ಮಾಡಿದರು. ಏಟು ತಾಳುವ ಗುಣ ಮಾತ್ರ ಏರಲಿಲ್ಲ.

ನಿಮ್ಮ ಕುರ್ಚಿಯಲ್ಲಿ ಎಷ್ಟು ಪುಡಿ ಇದೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ನೀರಿನ ಸಾಂದ್ರತೆ 1 ಅಂದರೆ ಪಿಪಿಯದು 0.9, ಸುಣ್ಣಕಲ್ಲಿನದು 2.7. ಮುರಿದ ಚೂರನ್ನು ನೀರಿಗೆ ಹಾಕಿ, ಗಾಳಿಗುಳ್ಳೆ ಅಂಟದಂತೆ ಒರೆಸಿ ಮುಳುಗಿಸಿ. ತೇಲಿದರೆ ಪುಡಿ ಇಲ್ಲ, ಇಲ್ಲವೇ ಕಡಿಮೆ. ಪಿಪಿಯೇ ಆಗಿದ್ದು ಮುಳುಗಿದರೆ ತೂಕದಲ್ಲಿ ಸುಮಾರು ಶೇ. 15ಕ್ಕಿಂತ ಜಾಸ್ತಿ ಇದೆ. (ಶೇ. 20 ಹಾಕಿದರೆ ಅದೇ ಅಚ್ಚಿನ ಕುರ್ಚಿ ಸುಮಾರು ಶೇ. 15 ಭಾರವಾಗುತ್ತದೆ. ಹಾಗಾಗಿ ಪ್ಲಾಸ್ಟಿಕ್ ಬದಲು ಪುಡಿ ಹಾಕಿದ್ದಕ್ಕೆ ತಯಾರಕರಿಗೂ ಅಂದುಕೊಂಡಷ್ಟು ಉಳಿತಾಯವಿಲ್ಲ.) ಇನ್ನು ಮುರಿದ ಜಾಗ ನೋಡಿ. ಅಂಚು ಎಳೆದುಕೊಂಡು ಬೆಳ್ಳಗಾಗಿದ್ದರೆ ಮಾಲು ಪರವಾಗಿಲ್ಲ, ಏಟೇ ಜೋರಿತ್ತು. ಬಿಸ್ಕತ್ತಿನ ಹಾಗೆ ನೇರವಾಗಿ ಮುರಿದು ಒಳಗೆ ಬಿಳಿ ಚುಕ್ಕಿ ಕಂಡರೆ, ಪುಡಿ ಸರಿಯಾಗಿ ಬೆರೆತಿಲ್ಲ. ಅಂಥ ಕುರ್ಚಿಯ ಮೇಲೆ ಹತ್ತಿ ಫ್ಯಾನ್ ಒರೆಸಲು ಹೋಗಬೇಡಿ.