ಸಮುದ್ರ ಪಕ್ಕದಲ್ಲೇ ಇದ್ದರೂ ದೋಹಾಕ್ಕೆ ಲಾರಿ ಯಾಕೆ ಬಂತು?

ಓದುಗರ ಪತ್ರ (ಸಂಕ್ಷಿಪ್ತವಾಗಿ): ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನಿಂದ ಕೊಲ್ಲಿ ದೇಶಗಳಿಗೆ ಲಾರಿ ಓಡಿಸಿದವರ ನೆನಪುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು 1976ರಿಂದ ಮೂರು ವರ್ಷ ದೋಹಾದಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ಆ ಲಾರಿಗಳ ಮಾಲು ಇಳಿಸಿ ಲೆಕ್ಕ ಬರೆದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಮೂರು ಮಾತು ಕೇಳಬೇಕು. ಸಮುದ್ರ ಪಕ್ಕದಲ್ಲೇ ಇರುವಾಗ ಅಷ್ಟು ದೂರದಿಂದ ಲಾರಿ ಯಾಕೆ? ನನ್ನ ಜೊತೆ ಟೀ ಕುಡಿದ ಡ್ರೈವರ್ ಇಸ್ತಾಂಬುಲಿನಲ್ಲಿ ಸೇತುವೆ ದಾಟಿ ಬಂದೆ ಅಂದಿದ್ದ, ನೀವು ಫೆರ್ರಿ ಅಂತ ಬರೆದಿದ್ದೀರಲ್ಲ? ಕೊನೆಯದು, ಬಿಳಿಯರು ಲಾರಿ ಓಡಿಸಿದರೆ ಸಾಹಸ, ನಮ್ಮವರು ಓಡಿಸಿದರೆ ಬರೀ ಬಾಡಿಗೆಯಾ? — ಕುಂದಾಪುರದ ಒಬ್ಬ ಹಿರಿಯ ಓದುಗರು

ಸಂಪಾದಕರ ಉತ್ತರ:

ಸಾರ್, ಮೊದಲು ತಪ್ಪೊಪ್ಪಿಗೆ. ನಿಮ್ಮ ಡ್ರೈವರ್ ಹೇಳಿದ್ದೇ ಸರಿ. ಇಸ್ತಾಂಬುಲಿನ ನಡುವೆ ಹಾಯುವ ಬಾಸ್ಫರಸ್ ಜಲಸಂಧಿಯ ಮೇಲಿನ ಸೇತುವೆ ತೆರೆದದ್ದು 1973ರ ಅಕ್ಟೋಬರ್ 30ಕ್ಕೆ. ನಾವು 1975ರಲ್ಲೂ ಲಾರಿಗಳನ್ನು ಫೆರ್ರಿ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದೆವು. ಆಗಿದ್ದೇನು ಅಂದರೆ, ಇಪ್ಪತ್ತು ಮೂವತ್ತು ಸಲ ಆ ದಾರಿ ಓಡಿದ ಡ್ರೈವರ್ ವಯಸ್ಸಾದ ಮೇಲೆ ನೆನಪು ಹೇಳಲು ಕೂತರೆ ಎಲ್ಲ ಟ್ರಿಪ್ಪೂ ಸೇರಿ ಒಂದೇ ಟ್ರಿಪ್ ಆಗಿರುತ್ತದೆ. ಮೊದಲ ಟ್ರಿಪ್ಪಿನ ಫೆರ್ರಿ, ಐದನೆಯದರ ಹಿಮ, ಕೊನೆಯದರ ಜಗಳ, ಎಲ್ಲ ಒಂದೇ ಚಳಿಗಾಲದಲ್ಲಿ ನಡೆದ ಹಾಗೆ. ಅದನ್ನು ಬಿಡಿಸಿ ನೋಡುವುದು ನಮ್ಮ ಕೆಲಸವಾಗಿತ್ತು. ನೋಡಲಿಲ್ಲ.

ಇನ್ನು ಲಾರಿ ಯಾಕೆ ಅನ್ನುವ ಪ್ರಶ್ನೆ. ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು, ಯಾಕಂದರೆ ಹಡಗಿನ ಬಾಡಿಗೆಗಿಂತ ಲಾರಿ ಬಾಡಿಗೆ ಯಾವತ್ತೂ ಜಾಸ್ತಿನೇ. 1967ರ ಜೂನ್‌ನಲ್ಲಿ ಯುದ್ಧ ಬಂದು ಸೂಯೆಜ್ ಕಾಲುವೆ ಮುಚ್ಚಿತು, ಮತ್ತೆ ತೆರೆದದ್ದು 1975ರ ಜೂನ್‌ನಲ್ಲಿ. ಎಂಟು ವರ್ಷ ಯೂರೋಪಿನ ಹಡಗುಗಳು ಇಡೀ ಆಫ್ರಿಕಾ ಸುತ್ತಿಕೊಂಡೇ ಬರಬೇಕಿತ್ತು. ಅದರ ನಡುವೆ 1973ರ ಕೊನೆಗೆ ಎಣ್ಣೆಯ ಬೆಲೆ ಏರಿತು. ಬ್ಯಾರೆಲ್‌ಗೆ ಮೂರು ಡಾಲರ್ ಆಸುಪಾಸು ಇದ್ದದ್ದು ಕೆಲವೇ ತಿಂಗಳಲ್ಲಿ ಹನ್ನೊಂದು ಹನ್ನೆರಡಾಯಿತು. ಕೊಲ್ಲಿಯವರ ಕೈಯಲ್ಲಿ ದುಡ್ಡು ಬಂತು, ಎಲ್ಲರಿಗೂ ಎಲ್ಲವೂ ಒಟ್ಟಿಗೇ ಬೇಕಾಯಿತು. ಸಿಮೆಂಟು, ಜನರೇಟರ್, ಏಸಿ, ಆಸ್ಪತ್ರೆಯ ಸಾಮಾನು. ಬಂದರುಗಳು ಮಾತ್ರ ಹಳೇ ಕಾಲದವೇ. ಹಡಗು ಬಂದು ಸಮುದ್ರದಲ್ಲಿ ಲಂಗರು ಹಾಕಿದರೆ ದಕ್ಕೆಗೆ ಬರುವ ಸರದಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಸೌದಿಯ ಜೆಡ್ಡಾದಲ್ಲಂತೂ ಕಾದೂ ಕಾದೂ ಸಾಕಾಗಿ ಸಿಮೆಂಟ್ ಚೀಲಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ದಡಕ್ಕೆ ತಂದರು. ಸಿಮೆಂಟ್ ಚೀಲ, ಹೆಲಿಕಾಪ್ಟರಿನಲ್ಲಿ! ಇಂಥಾ ಹೊತ್ತಿನಲ್ಲಿ ಎರಡು ಮೂರು ವಾರದಲ್ಲಿ ಮಾಲು ಬಾಗಿಲಿಗೆ ತಂದು ನಿಲ್ಲಿಸುತ್ತೇನೆ ಅನ್ನುವ ಲಾರಿಯವನು ಕೇಳಿದಷ್ಟು ಬಾಡಿಗೆ ಕೊಡುವವರು ಇದ್ದೇ ಇದ್ದರು.

ದಾರಿ ಅದಕ್ಕೂ ಮೊದಲೇ ತೆರೆದಿತ್ತು ಅನ್ನಿ. 1964ರಲ್ಲಿ ಬಾಬ್ ಪಾಲ್ ಮತ್ತು ಮೈಕಲ್ ವುಡ್‌ಮನ್ ಎಂಬ ಇಬ್ಬರು ಇಂಗ್ಲೆಂಡಿನಿಂದ ಗೈ ವಾರಿಯರ್ ಲಾರಿಯಲ್ಲಿ ಕಾಬೂಲಿನವರೆಗೆ ಹೋಗಿ ಬಂದರು. ಅವರ ಕಂಪನಿಯೇ ಮುಂದೆ ಆಸ್ಟ್ರಾನ್ ಅಂತ ಹೆಸರಾಯಿತು. ಶುರುವಿನ ಬ್ರಿಟಿಷ್ ಲಾರಿಗಳಲ್ಲಿ ಮಲಗಲು ಜಾಗವೇ ಇರಲಿಲ್ಲ, ಸೀಟುಗಳಿಗೆ ಅಡ್ಡಲಾಗಿ ಹಲಗೆ ಹಾಕಿಕೊಂಡು ಮಲಗುತ್ತಿದ್ದರು. ಆಮೇಲೆ ಸ್ವೀಡನ್ನಿನ ವೋಲ್ವೋ ಎಫ್88, ಸ್ಕಾನಿಯಾ 140 ಬಂದವು. ಸ್ಕಾನಿಯಾದ್ದು 350 ಅಶ್ವಶಕ್ತಿ, ಸೀಟಿನ ಹಿಂದೆ ಹಾಸಿಗೆ. ಹಳೇ ಡ್ರೈವರ್‌ಗಳು ಹೆಂಡತಿಯ ಹುಟ್ಟುಹಬ್ಬ ಮರೆತಾರು, ಆ ಎಂಜಿನ್ನಿನ ಸದ್ದು ಮರೆಯುವುದಿಲ್ಲ.

ನಿಮ್ಮ ಡ್ರೈವರ್ ಟೀ ಕುಡಿದು ಮತ್ತೆ ಲಾರಿ ಹತ್ತುವಾಗ ಬೂಟು ಕಳಚಿದ್ದನ್ನು ನೀವು ಬರೆದಿದ್ದೀರಿ. ಅದನ್ನು ಓದಿ ತುಂಬಾ ಹೊತ್ತು ಹಾಗೇ ಕೂತೆ. ಐದಾರು ವಾರ ಅದೇ ಮನೆ ಅಲ್ವಾ? ಹಾಸಿಗೆ ಅಲ್ಲೇ, ಬಟ್ಟೆ ಅಲ್ಲೇ. ಅಡುಗೆಮನೆ ಮಾತ್ರ ಹೊರಗೆ, ಟ್ರೇಲರಿನ ಪಕ್ಕಕ್ಕೆ ಬಿಗಿದ ಪೆಟ್ಟಿಗೆಯಲ್ಲಿ. ಅದರ ಬಾಗಿಲು ಕೆಳಕ್ಕೆ ಇಳಿಬಿಟ್ಟರೆ ಅದೇ ಮೇಜು. ಅದರ ಮೇಲೆ ಒಂದು ಸಣ್ಣ ಗ್ಯಾಸ್ ಒಲೆ, ಕೆಟಲ್, ಡಬ್ಬಿ ಹಾಲು, ಡಬ್ಬಿ ಬೀನ್ಸು. ನಮ್ಮ ಲಾರಿಯವರೂ ಕ್ಯಾಬಿನ್ ಹತ್ತುವಾಗ ಚಪ್ಪಲಿ ಬಿಡುತ್ತಾರೆ. ನಮ್ಮವರ ಕ್ಯಾಬಿನ್ನಿನಲ್ಲಿ ದೇವರ ಫೋಟೋ ಇರುತ್ತದೆ, ಅವನದರಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನೀವು ಕಳಿಸಿದ ಫೋಟೋದಲ್ಲಿ ಲಾರಿಯ ಮೂತಿ ಮೇಲೆ ನೀಲಿ ಹಲಗೆ, ಅದರಲ್ಲಿ ಟಿಐಆರ್ ಅಂತ ಬಿಳಿ ಅಕ್ಷರ ಕಾಣುತ್ತದೆ. ದೇಶದಿಂದ ದೇಶಕ್ಕೆ ರಸ್ತೆಯಲ್ಲಿ ಮಾಲು ಸಾಗಿಸುವ ಅಂತರರಾಷ್ಟ್ರೀಯ ಒಪ್ಪಂದದ ಗುರುತು ಅದು. ವ್ಯವಹಾರ ಬಹುಮಟ್ಟಿಗೆ ನಿಂತಿದ್ದು ಅದರ ಮೇಲೆ. ಲಾರಿ ಹೊರಡುವ ಊರಿನಲ್ಲೇ ಕಸ್ಟಮ್ಸಿನವರು ಮಾಲು ನೋಡಿ, ಟಾರ್ಪಾಲಿನ ಕಣ್ಣುಗಳ ಮೂಲಕ ಸುತ್ತಲೂ ಒಂದೇ ಉದ್ದದ ಹಗ್ಗ ಹಾಯಿಸಿ, ಎರಡು ತುದಿ ಸೇರಿಸಿ ಸೀಲು ಒತ್ತುತ್ತಿದ್ದರು. ಆಮೇಲೆ ಒಪ್ಪಂದಕ್ಕೆ ಸೇರಿದ ನಡುವಿನ ದೇಶಗಳವರು ಮಾಲು ಬಿಚ್ಚಿಸಬಾರದು, ಸುಂಕವೂ ಕೇಳಬಾರದು. ಡ್ರೈವರ್ ಕೈಯಲ್ಲಿ ಕಾರ್ನೆ ಅನ್ನುವ ಪುಸ್ತಕ. ಒಂದೊಂದು ದೇಶಕ್ಕೆ ಎರಡೆರಡು ಹಾಳೆ, ಒಳಗೆ ಬರುವಾಗ ಒಂದು ಹರಿಯುತ್ತಾರೆ, ಹೊರಗೆ ಹೋಗುವಾಗ ಇನ್ನೊಂದು. ಒಂದು ಠಸ್ಸೆ ತಪ್ಪಿತೋ, ಆ ಮಾಲು ಆ ದೇಶದಲ್ಲೇ ಕಳ್ಳತನದಲ್ಲಿ ಮಾರಾಟವಾಯಿತು ಅಂತ ಲೆಕ್ಕ, ಸುಂಕ ಕಟ್ಟು ಅಂತ ನೋಟೀಸು. ತುರ್ಕಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಲಾರಿಯನ್ನು ಡ್ರೈವರಿನ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ಲಾರಿ ಕೆಟ್ಟು ನಿಂತಿದೆ ಅಂತ ಅದನ್ನು ಅಲ್ಲೇ ಬಿಟ್ಟು ಸುಮ್ನೆ ವಿಮಾನ ಹತ್ತಿ ಮನೆಗೆ ಹೋಗುವ ಹಾಗಿರಲಿಲ್ಲ.

ಇಷ್ಟು ಕಾಗದ ಅಂದಮೇಲೆ ಕಾಯುವುದೂ ಅಷ್ಟೇ. ಬಂದರಿನಲ್ಲಿ ಕಾಯಲಾಗದೆ ಹುಟ್ಟಿದ ದಾರಿ ಅದು, ಕೊನೆಗೆ ಕಾಯುವ ಕೆಲಸ ಡ್ರೈವರಿನ ತಲೆಗೆ ಬಿತ್ತು. ತುರ್ಕಿ–ಇರಾನ್ ಗಡಿಯ ಗುರ್ಬುಲಾಕಿನಲ್ಲಿ ಅರಾರತ್ ಬೆಟ್ಟ ನೋಡಿಕೊಂಡು ದಿನಗಟ್ಟಲೆ ಕೂತವರಿದ್ದಾರೆ. ಐದು ಸಾವಿರ ಮೀಟರ್ ಮೀರಿದ ಆ ಬೆಟ್ಟ ಮೊದಲ ದಿನ ಚೆಂದ, ನಾಲ್ಕನೇ ದಿನ ಬೈಯುವ ಹಾಗಿರುತ್ತದೆ. ನೀವೇ ಗಮನಿಸಿ, ಅವರ ಕಥೆಗಳಲ್ಲಿ ಓಡಿಸಿದ್ದು ಕಮ್ಮಿ, ನಿಂತದ್ದೇ ಜಾಸ್ತಿ. ಇಸ್ತಾಂಬುಲಿನಲ್ಲಿ ಲಾರಿಯವರು ತಂಗುತ್ತಿದ್ದ ಲಂಡ್ರಾ ಕ್ಯಾಂಪಿನಲ್ಲಿ ಕಾಗದಕ್ಕೆ ಕಾದದ್ದು, ಗಡಿಯಲ್ಲಿ ಠಸ್ಸೆಗೆ ಕಾದದ್ದು, ಸೌದಿಯಲ್ಲಿ ಶುಕ್ರವಾರದ ರಜೆ ಕಳೆಯಲಿ ಅಂತ ಕಾದದ್ದು. ಒಟ್ಟಿಗೆ ಕಾದರೆ ತಾನೇ ಗೆಳೆತನ?

ಇನ್ನೊಂದು ಗೊಂದಲ ನಮ್ಮ ಲೇಖನದಿಂದಲೇ ಆದದ್ದು. ಕಳೆದ ಸಂಚಿಕೆಯ ತಾಹಿರ್ ಘಾಟಿಯ ಹಿಮದ ಕಥೆ ಇರಾನ್ ದಾರಿಯದ್ದು, ದೋಹಾ ದಾರಿಯದ್ದಲ್ಲ. ತುರ್ಕಿಯ ಎರ್ಜುರುಮ್ ದಾಟಿ ಪೂರ್ವಕ್ಕೆ ಹೋದರೆ ಸಿಗುವ, ಸುಮಾರು 2,400 ಮೀಟರ್ ಎತ್ತರದ ಮಣ್ಣು ರಸ್ತೆ. ಚಳಿಗಾಲದಲ್ಲಿ ಡೀಸೆಲ್ ಒಳಗಿನ ಮೇಣ ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುತ್ತಿತ್ತು. ಸೀಮೆಎಣ್ಣೆ ಬೆರೆಸುತ್ತಿದ್ದರು, ಅದಕ್ಕೂ ಬಗ್ಗದಿದ್ದರೆ ಡೀಸೆಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಟ್ಯಾಂಕಿನ ಕೆಳಗೇ ಇಡುತ್ತಿದ್ದರು. ಕೇಳಿದರೆ ನಮಗೆ ಮೈ ಜುಂ ಅನ್ನುತ್ತದೆ, ಅವರು ಅದನ್ನು ಟೀ ಮಾಡಿದಷ್ಟೇ ಸಲೀಸಾಗಿ ಹೇಳುತ್ತಾರೆ. ನಿಮ್ಮ ದೋಹಾ ಡ್ರೈವರ್ ಆ ಕಡೆ ಹೋಗಿರಲಾರ. ಅವನದು ಅಂಕಾರಾದಿಂದ ತಾರಸ್ ಬೆಟ್ಟ ಇಳಿದು ಅದಾನಾ, ಸಿರಿಯಾ, ಜೋರ್ಡನ್, ಆಮೇಲೆ ಸೌದಿಯ ಟ್ಯಾಪ್‌ಲೈನ್ ರಸ್ತೆ. ಎಣ್ಣೆಯ ಕೊಳವೆ ಹಾದುಹೋದ ಮಗ್ಗುಲಲ್ಲೇ ನೂರಾರು ಕಿಲೋಮೀಟರ್ ನೇರ ರಸ್ತೆ. ತುರೈಫ್, ರಫ್ಹಾ, ಹಫರ್ ಅಲ್ ಬಾತಿನ್ ಆ ದಾರಿಯ ಊರುಗಳು. ತಿರುವಿಲ್ಲದ ರಸ್ತೆಯಲ್ಲಿ ನಿದ್ದೆಯೇ ಶತ್ರು.

ಆ ಭರಾಟೆ ಹೆಚ್ಚು ದಿನ ಬಾಳಲಿಲ್ಲ. ಹೊಸ ಬಂದರುಗಳು ಎದ್ದವು, 1979ರಲ್ಲಿ ದುಬೈಯಲ್ಲಿ ಜೆಬೆಲ್ ಅಲಿ ತೆರೆಯಿತು, ಕಂಟೇನರ್ ಬಂತು. ಅದೇ ವರ್ಷ ಇರಾನಿನಲ್ಲಿ ಕ್ರಾಂತಿ, ಮರುವರ್ಷ ಇರಾಕ್ ಜೊತೆ ಯುದ್ಧ. ಲಾರಿಗಳೇನೂ ನಿಲ್ಲಲಿಲ್ಲ, ಆದರೆ ಸ್ಟೀರಿಂಗ್ ಹಿಂದೆ ಕೂತವರಲ್ಲಿ ತುರ್ಕಿಯವರು ಜಾಸ್ತಿಯಾದರು.

ಇಲ್ಲಿಗೆ ನಿಮ್ಮ ಕೊನೆಯ ಪ್ರಶ್ನೆ ಬಂತು. ನೀವು ಸಿಟ್ಟಾದದ್ದು ಸರಿ. ಆ ದಾರಿಯಲ್ಲಿ ತುರ್ಕಿಯವರು, ಬಲ್ಗೇರಿಯಾದ ಸೋಮಾತ್ ಕಂಪನಿಯ ಲಾರಿಗಳವರು, ಹಂಗೇರಿಯವರು ಎಲ್ಲ ಓಡಿಸಿದ್ದರು. ಇಂಗ್ಲಿಷಿನವರು ಬರೆದರು, ಫೋಟೋ ಜೋಪಾನ ಮಾಡಿದರು, ನಮ್ಮ ಕೈಗೆ ಅದೇ ಸಿಕ್ಕಿತು. ಸಿಕ್ಕಿದ್ದನ್ನೇ ನಾವು ಬರೆದೆವು. ಸೋಮಾರಿತನ ಅಂತಲೇ ಅನ್ನಿ.

ನಮ್ಮ ದೇಶದ ಲಾರಿಯವರಿಗೆ ಇಂಥ ಕಥೆ ಇಲ್ಲದಿರಲು ಬೇರೆ ಕಾರಣವೂ ಇದೆ. ಭಾರತ ಟಿಐಆರ್ ಒಪ್ಪಂದಕ್ಕೆ ಸೇರಿದ್ದೇ 2017ರಲ್ಲಿ. ಪಾಕಿಸ್ತಾನದ ಜೊತೆಗಿನ ವಾಘಾ ಗಡಿಯಲ್ಲಿ 2007ರವರೆಗೂ ಲಾರಿ ಆಚೆ ಹೋಗುವ ಹಾಗಿರಲಿಲ್ಲ. ನಮ್ಮ ಕೂಲಿಗಳು ಮೂಟೆ ಹೊತ್ತು ಗೆರೆಯವರೆಗೆ ಹೋಗಿ ಅವರ ಕೂಲಿಗಳ ತಲೆಗೆ ದಾಟಿಸುತ್ತಿದ್ದರು. ಆದರೆ ಗಡಿಯಲ್ಲಿ ಕಾಯಲು ದೇಶವೇ ದಾಟಬೇಕು ಅಂತಿಲ್ಲವಲ್ಲ. ಕಾಲೇಜಿನಲ್ಲಿದ್ದಾಗ ಸೋದರಮಾವನ ಅಡಿಕೆ ಲೋಡಿನ ಲಾರಿಯಲ್ಲಿ ಹೋಗಿ, ರಾಜ್ಯದ ಗಡಿಯ ಒಂದು ಚೆಕ್‌ಪೋಸ್ಟಿನಲ್ಲಿ ಒಂದು ಸಹಿಗೆ ಇಡೀ ರಾತ್ರಿ ಕೂತಿದ್ದೇನೆ. ಕ್ಲೀನರ್ ಹುಡುಗ ಪಂಪ್ ಸ್ಟವ್ ಹಚ್ಚಿ ಅನ್ನ ಸಾರು ಮಾಡಿದ, ಹಿಂದಿನ ಲಾರಿಯವರು ಉಪ್ಪಿನಕಾಯಿ ತಂದರು. ಬೆಳಗ್ಗೆ ಸಹಿ ಆಯಿತು, ಮಾವ ಏನೂ ಆಗಿಲ್ಲ ಅನ್ನುವ ಹಾಗೆ ಗಾಡಿ ಎಬ್ಬಿಸಿದ. ಮಾವನನ್ನು ಯಾರೂ ಆ ರಾತ್ರಿಯ ಬಗ್ಗೆ ಕೇಳಲಿಲ್ಲ. ನಾನೂ ಕೇಳಲಿಲ್ಲ, ಈಗ ಅವನಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಆ ಲೆಕ್ಕದ ಪುಸ್ತಕದ ನಾಲ್ಕು ಪುಟ ಬೇಕು. ಯಾವ ಲಾರಿ, ಎಷ್ಟು ಪೆಟ್ಟಿಗೆ, ಎಷ್ಟು ಒಡೆದಿತ್ತು, ಯಾರು ಇಳಿಸಿದರು, ಎಲ್ಲ ಹಾಗೇ ಅಚ್ಚು ಹಾಕುತ್ತೇವೆ. ಪುಸ್ತಕವನ್ನು ಮಾತ್ರ ದಯವಿಟ್ಟು ಅಂಚೆಗೆ ಹಾಕಬೇಡಿ. ಮನೆಯಲ್ಲಿ ಮೊಬೈಲ್ ಇರುವ ಮಕ್ಕಳು ಯಾರಾದರೂ ಇದ್ದರೆ ಹಗಲು ಬೆಳಕಿನಲ್ಲಿ ಫೋಟೋ ತೆಗೆಸಿ ಕಳಿಸಿ.