ಶಾಲಾ ಮಕ್ಕಳ ಸೇವಾ ಯೋಜನೆ: ತಟ್ಟೆ ತೊಳೆದ ನೀರಿನಿಂದ ಶುರು ಮಾಡಿ

ಕೋಲಾರ ಜಿಲ್ಲೆಯ ಪ್ರೌಢಶಾಲೆಯೊಂದಕ್ಕೆ ಹೊಸದಾಗಿ ಬಂದಿದ್ದೇನೆ, ಇಕೋ ಕ್ಲಬ್ ಹೊಣೆ ನನ್ನ ಮೇಲಿದೆ, ಸುಸ್ಥಿರ ಬದುಕಿನ ಬಗ್ಗೆ ಮಕ್ಕಳಿಂದ ಸೇವಾ ಯೋಜನೆ ಮಾಡಿಸಬೇಕು, ಸಸಿ ನೆಡುವುದು ಮತ್ತು ಜಾಥಾ ಬಿಟ್ಟರೆ ಬೇರೇನಿದೆ ಎಂದು ಕೇಳಿದ್ದೀರಿ. ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಅನುಭವ ಹೇಳುವುದು ಇಷ್ಟು: ಮಕ್ಕಳು ದಿನವೂ ಕೈಯಾರೆ ಮುಟ್ಟುವ ಒಂದೇ ಒಂದು ವಿಷಯವನ್ನು ಹಿಡಿಯಿರಿ, ಮೊದಲು ಅದನ್ನು ಅಳೆಯಿಸಿ, ಆಮೇಲೆ ವರ್ಷವಿಡೀ ಅದರ ಉಸ್ತುವಾರಿಯನ್ನು ಅವರಿಗೇ ಬಿಡಿ. ನಮ್ಮ ಜಿಲ್ಲೆಯಲ್ಲಿ ಆ ವಿಷಯ ನೀರೇ ಆಗಬೇಕು.

ವರ್ಷಪೂರ್ತಿ ಹರಿಯುವ ನದಿ ನಮಗಿಲ್ಲ. ಸಾವಿರ ಅಡಿ ಕೊರೆದರೂ ಬರೀ ಧೂಳು ಬಂತು ಎಂಬ ಮಾತನ್ನು ಮಕ್ಕಳು ಮನೆಯಲ್ಲಿ ಕೇಳುತ್ತಲೇ ಬೆಳೆದಿದ್ದಾರೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನೇ ಎರಡು ಹಂತದಲ್ಲಿ ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ಅದೂ ಅಂತರ್ಜಲ ಹೆಚ್ಚಲೆಂದೇ ಹೊರತು ಕುಡಿಯಲು ಅಲ್ಲ. ಹೀಗಿರುವಾಗ ಬಿಸಿಯೂಟದ ನಂತರ ತಟ್ಟೆ ತೊಳೆದ ನೀರು ಎಷ್ಟೋ ಶಾಲೆಗಳಲ್ಲಿ ಮೈದಾನದ ಮೂಲೆಯಲ್ಲಿ ಕೆಸರಾಗಿ ನಿಂತು ಸೊಳ್ಳೆ ಸಾಕುತ್ತದೆ. ನಿಮ್ಮ ಯೋಜನೆ ಅಲ್ಲಿಂದಲೇ ಶುರುವಾಗಲಿ.

ಮೊದಲ ವಾರ ಬೇರೆ ಏನನ್ನೂ ಮಾಡಿಸಬೇಡಿ. ನಲ್ಲಿಯ ಕೆಳಗೆ ಬಕೆಟ್ ಇಟ್ಟು ಒಬ್ಬರು ತಟ್ಟೆ, ಕೈ ತೊಳೆಯಲು ಎಷ್ಟು ನೀರು ಬೇಕಾಯಿತು ಎಂದು ಮಕ್ಕಳೇ ಬರೆದುಕೊಳ್ಳಲಿ. ಒಬ್ಬರಿಗೆ ಎರಡು ಲೀಟರ್ ಎಂದಿಟ್ಟುಕೊಂಡರೂ 200 ಮಕ್ಕಳ ಶಾಲೆಯಲ್ಲಿ ದಿನಕ್ಕೆ 400 ಲೀಟರ್. ನಲ್ಲಿ ಬಿಟ್ಟುಕೊಂಡು ತೊಳೆದರೆ ಎಷ್ಟು, ಚೊಂಬಿನಲ್ಲಿ ತೊಳೆದರೆ ಎಷ್ಟು ಎಂದು ಹೋಲಿಸಲಿ. ಆ ಅಂಕಿಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಓದಿ ಹೇಳಿದರೆ, ನೀವು ನಾನು ಮಾಡುವ ಯಾವ ಭಾಷಣವೂ ಅದಕ್ಕೆ ಸಮನಲ್ಲ.

ಆಮೇಲೆ ಆ ನೀರಿಗೆ ದಾರಿ ಮಾಡಿಕೊಡಿ. ತೊಳೆಯುವ ಕಟ್ಟೆಯ ಬಾಯಿಗೆ ಅನ್ನದ ಅಗುಳು ತಡೆಯಲು ಒಂದು ಜಾಲರಿ, ಮುಂದೆ ಜಲ್ಲಿ, ಇದ್ದಿಲು, ಮರಳು ತುಂಬಿದ ಸಣ್ಣ ತೊಟ್ಟಿ, ಅಲ್ಲಿಂದ ಬಾಳೆ, ಪರಂಗಿ, ನುಗ್ಗೆಯ ಪಾತಿಗೆ ಕಾಲುವೆ. ಜಾಲರಿಯನ್ನು ದಿನವೂ ತೆಗೆದು ಶುಚಿ ಮಾಡಬೇಕು, ಇಲ್ಲದಿದ್ದರೆ ಜಿಡ್ಡು ಕಟ್ಟಿ ಕೆಲವೇ ದಿನಗಳಲ್ಲಿ ನಾರುತ್ತದೆ. ಸೋಪಿನ ಪುಡಿ ಕಡಿಮೆ ಬಳಸಿದಷ್ಟೂ ಗಿಡಕ್ಕೆ ಒಳ್ಳೆಯದು. ಪಾತಿಗೆ ಸರದಿಯಂತೆ ನೀರು ತಿರುಗಿಸುವ ಕೆಲಸಕ್ಕೆ ವಾರಕ್ಕೊಬ್ಬ ನೀರುಗಂಟಿಯನ್ನು ಮಕ್ಕಳಲ್ಲೇ ಆರಿಸಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿಗಳ ಮನೆತನದವರು ಇನ್ನೂ ಇದ್ದಾರೆ. ಹಿರಿಯರೊಬ್ಬರನ್ನು ಶಾಲೆಗೆ ಕರೆಸಿ, ಬರದ ವರ್ಷದಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಗೆ ತೀರ್ಮಾನಿಸುತ್ತಿದ್ದರು ಎಂದು ಕೇಳಿಸಿ. ಹಂಚಿ ಬದುಕುವ ಆ ಲೆಕ್ಕ ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ತರಕಾರಿ ಸಿಪ್ಪೆ, ಹೊಂಗೆಯ ತರಗೆಲೆ, ಸಗಣಿ ಬಗ್ಗಡ, ಒಂದಿಷ್ಟು ಮಣ್ಣು, ಹೀಗೆ ಪದರ ಪದರವಾಗಿ ಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಆಗುತ್ತದೆ. ತರಗೆಲೆಗೆ ಬೆಂಕಿ ಹಚ್ಚುವುದು ತಾನಾಗಿಯೇ ನಿಲ್ಲುತ್ತದೆ. ಪಾತಿಯ ನುಗ್ಗೆಸೊಪ್ಪು ಬಿಸಿಯೂಟದ ಸಾರಿಗೆ ಬಿದ್ದ ದಿನ ಮಕ್ಕಳ ಮುಖ ನೋಡಬೇಕು. ಅಡುಗೆಯಮ್ಮಂದಿರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ, ಅವರ ಒಪ್ಪಿಗೆಯಿಲ್ಲದೆ ಇದರಲ್ಲಿ ಯಾವುದೂ ನಡೆಯುವುದಿಲ್ಲ.

ಎರಡನೆಯ ವರ್ಷಕ್ಕೆ ತಾರಸಿ ನೀರು ಹಿಡಿಯಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಜಿಲ್ಲೆಯ ವಾರ್ಷಿಕ ಮಳೆ 700 ಮಿಲಿಮೀಟರ್ ಆಸುಪಾಸು. 200 ಚದರ ಮೀಟರ್ ತಾರಸಿಯಲ್ಲಿ ಐದರಲ್ಲಿ ಒಂದು ಪಾಲು ಸೋರಿಹೋದರೂ ಒಂದು ಲಕ್ಷ ಲೀಟರಿಗೆ ಮೀರಿ ಸಿಗುತ್ತದೆ. ಇದು ಬರೀ ಉಳಿತಾಯದ ಮಾತಲ್ಲ. ನಮ್ಮ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಇದನ್ನು ಮಕ್ಕಳು ಮನೆಗೆ ಹೋಗಿ ಹೇಳಿದರೆ ಅದೇ ದೊಡ್ಡ ಸೇವೆ. ಮಳೆನೀರಿನಲ್ಲಿ ಈ ತೊಂದರೆ ಇಲ್ಲವೆನ್ನಬಹುದು, ಆದರೆ ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ, ಪರೀಕ್ಷೆ ಮಾಡಿಸಿಯೇ ಅಡುಗೆಗೆ ಬಳಸಿ. ಒಂದು ಎಚ್ಚರಿಕೆ: ಫ್ಲೋರೈಡಿನಿಂದ ಹಲ್ಲು ಕಂದಿದ ಮಗುವನ್ನು ಎದ್ದು ನಿಲ್ಲಿಸಿ ಉದಾಹರಣೆ ಕೊಡಬೇಡಿ. ಆ ಮಗುವಿನ ಮನಸ್ಸು ಎಲ್ಲ ಯೋಜನೆಗಳಿಗಿಂತ ದೊಡ್ಡದು.

ಸಸಿ ಬೇಡವೆಂದು ನಾನು ಹೇಳುತ್ತಿಲ್ಲ. ಜೂನ್ 5ರಂದು ಫೋಟೊಗಾಗಿ ನೂರು ನೆಟ್ಟು ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಒಣಗಿಸುವುದು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಯಾವ ಮನೆಯ ಮಗು ಯಾವ ಗಿಡಕ್ಕೆ ನೀರು ಹಾಕುತ್ತದೆ ಎಂಬ ಪಟ್ಟಿ ಕೈಯಲ್ಲಿದ್ದರೆ, ಆ ಪಟ್ಟಿಯಲ್ಲಿರುವಷ್ಟೇ ನೆಡಿ. ಗಿಡದ ಬುಡದಲ್ಲಿ ತಳ ತೂತಾದ ಹಳೆಯ ಮಡಕೆ ಹೂತು, ತೂತಿಗೆ ಬತ್ತಿ ಇಟ್ಟು ನೀರು ತುಂಬಿಸಿದರೆ ಕೆಲವು ದಿನ ತಂಪು ನಿಲ್ಲುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಸೇವೆಯ ಹೆಸರಿನಲ್ಲಿ ಶೌಚಾಲಯ, ಗುಂಡಿ ಶುಚಿ ಮಾಡುವ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು. 2023ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿ ಇಡೀ ರಾಜ್ಯ ತಲೆತಗ್ಗಿಸಿತು. ಪೊರಕೆ ಹುಡುಗಿಯರಿಗೆ, ಲೆಕ್ಕದ ಪುಸ್ತಕ ಹುಡುಗರಿಗೆ ಎಂಬ ಹಂಚಿಕೆಯೂ ಬೇಡ. ಜಾತಿ, ಲಿಂಗ ನೋಡದೆ ಸರದಿ ಎಲ್ಲರಿಗೂ ಒಂದೇ ಆಗಿರಲಿ, ಆ ಸರದಿಯಲ್ಲಿ ನಿಮ್ಮ ಹೆಸರೂ ಇರಲಿ.

ಹಣದ ಪ್ರಶ್ನೆ ಬಂದೇ ಬರುತ್ತದೆ. ಕಾಲುವೆ, ತೊಟ್ಟಿಯ ಖರ್ಚು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಭರಿಸಬಹುದಾದಷ್ಟೇ ಇರುತ್ತದೆ. ತಾರಸಿಯ ಕೊಳವೆ, ಸಂಪು ಪಂಚಾಯಿತಿಯ ಕೆಲಸ. ಪಂಚಾಯಿತಿಯವರು ನಡೆಸುವ ಮಕ್ಕಳ ಗ್ರಾಮಸಭೆಗೆ ನಿಮ್ಮ ವಿದ್ಯಾರ್ಥಿಗಳು ನೀರಿನ ಲೆಕ್ಕದ ಪುಸ್ತಕದೊಂದಿಗೇ ಹೋಗಲಿ. ಅಂಕಿಯಿಟ್ಟು ಕೇಳುವ ಮಕ್ಕಳಿಗೆ ಇಲ್ಲವೆನ್ನುವುದು ಯಾವ ಅಧ್ಯಕ್ಷರಿಗೂ ಕಷ್ಟ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಬರೆದ ಅರ್ಜಿಗೆ ಸ್ವೀಕೃತಿ ಪಡೆಯುವುದನ್ನೂ ಮಕ್ಕಳಿಗೆ ಕಲಿಸಿ.

ಉಸ್ತುವಾರಿಯನ್ನು ಒಂಬತ್ತನೆಯ ತರಗತಿಯವರಿಗೆ ಕೊಟ್ಟು, ಎಂಟನೆಯವರನ್ನು ಅವರ ಜೊತೆಗೆ ಬಿಡಿ. ಹತ್ತನೆಯವರಿಗೆ ಪರೀಕ್ಷೆಯ ಒತ್ತಡವಿರುತ್ತದೆ. ನೀರಿನ ಲೆಕ್ಕದ ಪುಸ್ತಕವನ್ನು ಫೆಬ್ರುವರಿಯಲ್ಲೇ ಕೈ ಬದಲಾಯಿಸಿ, ಆಗ ಬೇಸಿಗೆ ರಜೆಯಲ್ಲಿ ಗಿಡಕ್ಕೆ ನೀರು ಹಾಕುವವರ ಪಟ್ಟಿಯನ್ನು ಮುಂದಿನ ತಂಡವೇ ಬರೆದುಕೊಳ್ಳುತ್ತದೆ.